ಇಪ್ಪತ್ತನಾಲ್ಕು ಮಣೆ

ಅಮೆರಿಕದ ಸನ್ನಿವೇಲ್‌ನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಶಿವಪ್ರಕಾಶ್ ಒಂದು ದಿನವೂ ಕಾರು ನಿಲ್ಲಿಸಿದವನಲ್ಲ. ಹದಿಮೂರು ವರ್ಷದಿಂದ ಕಾರು ಬೀದಿಯಲ್ಲೇ ಒಣಗುತ್ತಿದೆ. ಒಳಗೆ ಇರುವುದು ಅವನ ಇನ್ನೊಂದು ಸಂಸಾರ: ಬೆಸುಗೆ ಹಾಕುವ ಸಾಮಾನು, ಮೈಕ್ರೋಸ್ಕೋಪು, ಹೊಟ್ಟೆ ಬಗೆದು ಮಲಗಿಸಿದ ಸರ್ಕ್ಯೂಟ್ ಬೋರ್ಡುಗಳು, ಬಿಟ್‌ಕಾಯಿನ್ ಎಂದರೆ ಜನ ನಗುತ್ತಿದ್ದ ಕಾಲದಲ್ಲಿ ಅವನೇ ಜೋಡಿಸಿ ಓಡಿಸಿದ ಮಷೀನುಗಳ ಮರದ ಸ್ಟ್ಯಾಂಡುಗಳು. ಹಾಸನದ ಕಡೆಯವನು. ಹಗಲೆಲ್ಲ ಒಂದು ಸಣ್ಣ ಕಂಪನಿಯಲ್ಲಿ ಬೋರ್ಡು ಪರೀಕ್ಷೆ ಮಾಡುವ ಕೆಲಸ. ಮನೆಗೆ ಬಂದು ಕಾಫಿ ಕುಡಿದ ಮೇಲೆ ಮತ್ತೆ ಬೋರ್ಡೇ.

ಆ ಮಷೀನುಗಳು ಗಳಿಸಿಕೊಟ್ಟ ಬಿಟ್‌ಕಾಯಿನ್ ಮಾರುವುದಿಲ್ಲ ಎನ್ನುವುದು ಅವನ ವ್ರತ. ಬೆಲೆ ಏರಿದರೆ 'ಇನ್ನೂ ಏರುತ್ತೆ' ಎನ್ನುತ್ತಿದ್ದ, ಇಳಿದರೆ 'ಇಳಿದಾಗ ಮಾರೋನು ಪೆದ್ದ' ಎನ್ನುತ್ತಿದ್ದ. ಅದು ಏರಲಿ ಇಳಿಯಲಿ, ಸಂಸಾರ ಮಾತ್ರ ಇದ್ದಲ್ಲೇ ಇತ್ತು. ಅದೇ ಎರಡು ಕೋಣೆಯ ಮನೆ, ಎರಡು ಸಲ ಎಳೆದು ಹಾಕಿದರಷ್ಟೇ ಬಾಗಿಲು ಮುಚ್ಚುವ ಅದೇ ಕಾರು. ಹೆಂಡತಿ ನಿಸರ್ಗಾ ಮೊದಮೊದಲು ಜಗಳವಾಡಿದಳು, ಆಮೇಲೆ ತಮಾಷೆ ಮಾಡಿದಳು, ಕೊನೆಗೆ ಸುಮ್ಮನಾದಳು. ಸುಮ್ಮನಾದ ಹೆಂಡತಿ ಒಪ್ಪಿಕೊಂಡಿದ್ದಾಳೆ ಎಂದು ತಿಳಿಯುವ ಗಂಡಸರು ಊರಲ್ಲಿ ಎಷ್ಟು ಮಂದಿಯೋ ಅಮೆರಿಕದಲ್ಲೂ ಅಷ್ಟೇ ಮಂದಿ. ಇವನೂ ಅವರಲ್ಲೊಬ್ಬ.

ನಿಸರ್ಗಾ ಹತ್ತಿರದ ಡೇಕೇರಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಗಂಡ ಹೆಂಡತಿ ಎಂದೋ ಕೈಬಿಟ್ಟಿದ್ದರು. ಆದರೆ ಬೆಳಿಗ್ಗೆ ಏಳಕ್ಕೆ ಹೋಗಿ ಹನ್ನೆರಡು ಕೂಸುಗಳ ಮೂಗು ಒರೆಸಿ ಊಟ ಮಾಡಿಸಿ ಬರುವವಳ ಮುಖದಲ್ಲಿ ಬೇರೆಯೇ ಕಳೆ ಇರುತ್ತಿತ್ತು. ಡೇಕೇರಿನ ಒಡತಿ ಎಪ್ಪತ್ತು ದಾಟಿದ ಫಿಲಿಪಿನೋ ಹೆಂಗಸು. ಮಕ್ಕಳೆಲ್ಲ ಅವಳನ್ನು ಲೋಲಾ ಎಂದು ಕರೆಯುತ್ತಿದ್ದವು, ಅಂದರೆ ಅವಳ ಭಾಷೆಯಲ್ಲಿ ಅಜ್ಜಿ. ಮಂಡಿನೋವಿನ ಲೋಲಾ ಈ ವರ್ಷ ಡೇಕೇರು ಮಾರಿಬಿಡುವುದೆಂದು ತೀರ್ಮಾನಿಸಿ ಮೊದಲು ಕೇಳಿದ್ದೇ ನಿಸರ್ಗಾಳನ್ನು. ಅಕ್ಟೋಬರ್ ಮೊದಲ ಸೋಮವಾರದೊಳಗೆ ಸಹಿ ಹಾಕಬೇಕು, ಇಲ್ಲದಿದ್ದರೆ ಕೇಳುವವರು ಬೇರೆ ಇದ್ದಾರೆ ಎಂದಿದ್ದಳು.

ಹದಿಮೂರು ವರ್ಷದಲ್ಲಿ ಒಂದೇ ಒಂದು ಸಲ ನಿಸರ್ಗಾ ತನಗಾಗಿ ಸ್ವಲ್ಪ ಮಾರಿ ಎಂದು ಬಾಯಿಬಿಟ್ಟು ಕೇಳಿದಳು. ಅವನೂ ಅಷ್ಟೇನೂ ಕಲ್ಲುಹೃದಯದವನಲ್ಲ.

"ಮಾರ್ತೀನಿ. ವಿಜಯದಶಮಿ ದಿನ, ಒಳ್ಳೇ ದಿನ, ನಿನಗೆ ಬೇಕಾದಷ್ಟು ಮಾರಿ ಕೊಡ್ತೀನಿ" ಎಂದ.

"ಇನ್ನೊಂದ್ ಸಲ ಹೇಳ್ರಿ" ಎಂದಳು. ಅವನು ಇನ್ನೊಂದು ಸಲ ಹೇಳಿದ. ಮಾರನೆಯ ದಿನದಿಂದ ಅವಳು ಗ್ರಾಸರಿ ಚೀಟಿಯ ಹಿಂದುಗಡೆಯೆಲ್ಲ ಪುಟ್ಟ ಕುರ್ಚಿ, ಪುಟ್ಟ ಸಿಂಕು ಎಲ್ಲೆಲ್ಲಿ ಬರಬೇಕು ಎಂದು ಚಿತ್ರ ಬರೆಯತೊಡಗಿದಳು.

ಬಿಟ್‌ಕಾಯಿನ್ ಇಟ್ಟುಕೊಂಡವನ ಬಳಿ ನಿಜವಾಗಿ ಇರುವುದು ಆ ಹಣದ ಬೀಗದ ಕೈಯಂಥ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳು. ಬೆಂಕಿಪೊಟ್ಟಣದಷ್ಟಿರುವ ಒಂದು ಯಂತ್ರದಲ್ಲಿ ಅವು ಕೂತಿರುತ್ತವೆ. ಯಂತ್ರ ಹಾಳಾದರೆ ಪದಗಳನ್ನು ಇನ್ನೊಂದಕ್ಕೆ ಅದೇ ಕ್ರಮದಲ್ಲಿ ಕೊಡಬೇಕು. ಕ್ರಮ ತಪ್ಪಿದರೆ ಪದಗಳು ಬರೀ ಪದಗಳು. ಜನ ಅವನ್ನು ಕಾಗದದಲ್ಲಿ ಬರೆದಿಡುತ್ತಾರೆ. ಶಿವಪ್ರಕಾಶನಿಗೆ ಕಾಗದದ ಮೇಲೆ ನಂಬಿಕೆಯಿಲ್ಲ. ಇಪ್ಪತ್ತನಾಲ್ಕು ದಪ್ಪ ಸ್ಟೀಲ್ ವಾಷರು ತಂದು, ಒಂದೊಂದರ ಮೇಲೆ ಒಂದೊಂದು ಪದವನ್ನು ಸುತ್ತಿಗೆಯಲ್ಲಿ ಅಕ್ಷರಕ್ಕೊಂದು ಏಟು ಹಾಕಿ ಒತ್ತಿ, ಕ್ರಮವಾಗಿ ಬೋಲ್ಟಿಗೆ ಪೋಣಿಸಿ ನಟ್ಟು ಬಿಗಿದಿದ್ದ. ಸಂಖ್ಯೆ ಹಾಕಿರಲಿಲ್ಲ, ಸಂಖ್ಯೆ ಕಂಡರೆ ಕಳ್ಳನಿಗೆ ಗುಟ್ಟು ತಿಳಿಯುತ್ತದಂತೆ. ಅಕಸ್ಮಾತ್ ಬಿಚ್ಚಿಹೋದರೆ ಜೋಡಿಸಲೆಂದು ಅಡಕಿದ ವಾಷರುಗಳ ಅಂಚಿನ ಮೇಲೆ ಮಾರ್ಕರ್‌ನಲ್ಲಿ ಒಂದು ಓರೆಗೆರೆ ಎಳೆದಿದ್ದ, ಅಷ್ಟೇ. ಆ ಬೋಲ್ಟನ್ನು ಮೇಜಿನ ಮೇಲಿನ ಹಳೆ ಡಬ್ಬದಲ್ಲಿ ನೂರು ಬೋಲ್ಟುಗಳ ನಡುವೆ ಇಟ್ಟಿದ್ದ.

"ಇನ್ನೊಂದು ಕಾಪಿ ಮಾಡಿ ನಮ್ಮನ್ಯಾಗರ ಇಡಪಾ" ಎಂದು ಸ್ಯಾನ್ ರಮೋನ್‌ನ ಗೆಳೆಯ ಶರಣಪ್ಪ ಎಷ್ಟೋ ಸಲ ಹೇಳಿದ್ದ. ಎರಡು ಕಡೆ ಇಟ್ಟದ್ದು ಗುಟ್ಟಲ್ಲ ಎಂದು ಇವನು ಅವನಿಗೇ ಪಾಠ ಹೇಳಿ ಕಳಿಸಿದ್ದ.

ಪ್ರತಿವರ್ಷ ಆಯುಧಪೂಜೆಯ ದಿನ ಅವನದೊಂದು ಪದ್ಧತಿ ಇತ್ತು. ಬೆಸುಗೆ ಸಾಮಾನಿಗೆ ಕುಂಕುಮ ಇಟ್ಟು, ಮೈಕ್ರೋಸ್ಕೋಪಿನ ಮುಂದೆ ನಿಂಬೆಹಣ್ಣು ಇಟ್ಟು, ಆ ಪುಟ್ಟ ಯಂತ್ರದಲ್ಲಿದ್ದುದನ್ನೆಲ್ಲ ಬೇಕೆಂದೇ ಅಳಿಸಿಬಿಡುವುದು. ಆಮೇಲೆ ಬೋಲ್ಟು ಬಿಚ್ಚಿ ಪದಗಳನ್ನು ನೋಡಿಕೊಂಡು ಮತ್ತೆ ತುಂಬುವುದು. ಬೀಗದ ಕೈ ಕೆಲಸ ಮಾಡುತ್ತದೋ ಇಲ್ಲವೋ ವರ್ಷಕ್ಕೊಮ್ಮೆ ನೋಡಬೇಡವೇ ಎನ್ನುವುದು ಅವನ ವಾದ.

ಈ ವರ್ಷ ಮನೆಯಲ್ಲಿ ಅತ್ತೆ ತಾಯಮ್ಮ ಇದ್ದರು, ಮಂಡ್ಯದಿಂದ ಆರು ತಿಂಗಳಿಗೆಂದು ಬಂದವರು. ಬರುವಾಗ ಸೀರೆಗಳ ನಡುವೆ ಸುತ್ತಿಕೊಂಡು ಪಟ್ಟದ ರಾಜ ರಾಣಿಯನ್ನೂ ಚನ್ನಪಟ್ಟಣದ ಇಪ್ಪತ್ತೆರಡು ಗೊಂಬೆಗಳನ್ನೂ ತಂದಿದ್ದರು. ಮಗಳ ಮನೆಯಲ್ಲಿ ಒಂದು ಸಲವಾದರೂ ದಸರಾ ಗೊಂಬೆ ಕೂರಿಸಬೇಕು ಎನ್ನುವುದು ಆಕೆಯ ಆಸೆ. ಹಾಲಿನಲ್ಲಿ ಜಾಗ ಎಲ್ಲಿ? ಗ್ಯಾರೇಜಿನ ಮೂಲೆಯಲ್ಲಿ ಅಳಿಯನ ಹಳೆಯ ಸ್ಟ್ಯಾಂಡುಗಳನ್ನೇ ಮೆಟ್ಟಿಲಾಗಿ ಜೋಡಿಸಿ, ಮೇಲೆ ರೇಷ್ಮೆ ಸೀರೆ ಹಾಸಿ, ನವರಾತ್ರಿಯ ಮೊದಲ ದಿನವೇ ಕೂರಿಸಿದರು. ಶಿವಪ್ರಕಾಶ್ ಅದರ ಪಕ್ಕದಲ್ಲೇ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿಕೊಂಡು ಕೂತಿದ್ದ. ಅತ್ತೆ ಏನೋ ಕೇಳಿದರು, ಇವನು ಹ್ಞೂಂ ಎಂದ.

ಆಯುಧಪೂಜೆಯ ಬೆಳಿಗ್ಗೆ ನಿಸರ್ಗಾ ಡೇಕೇರಿಗೆ ಹೋಗಿದ್ದಳು, ತಾಯಮ್ಮ ಪಕ್ಕದ ಮನೆಯವರ ಜೊತೆ ದೇವಸ್ಥಾನಕ್ಕೆ ಹೋಗಿದ್ದರು. ಶಿವಪ್ರಕಾಶ್ ರಜೆ ಹಾಕಿ, ಸ್ನಾನ ಮಾಡಿ, ಕುಂಕುಮ ಇಟ್ಟು, ಯಂತ್ರವನ್ನು ಅಳಿಸಿದ. ಹಗುರವಾದ ಮನಸ್ಸಿನಿಂದ ಡಬ್ಬಕ್ಕೆ ಕೈ ಹಾಕಿದ. ಬೋಲ್ಟು ಸಿಕ್ಕಿತು. ಬೋಲ್ಟಿನಲ್ಲಿ ಏನೂ ಇರಲಿಲ್ಲ. ತಾಯಮ್ಮ ಅಚ್ಚುಕಟ್ಟಿನ ಹೆಂಗಸು. ನಟ್ಟನ್ನು ಮತ್ತೆ ಅದಕ್ಕೇ ತಿರುಗಿಸಿ ಇಟ್ಟಿದ್ದರು.

ಡಬ್ಬ ಬೋರಲು ಹಾಕಿದ. ಖಾನೆಗಳನ್ನು ಎಳೆದೆಳೆದು ನೆಲಕ್ಕೆ ಸುರಿದ. ಎದ್ದು ತಿರುಗಿದಾಗ ಗೊಂಬೆಗಳು ಕಂಡವು. ಎಂಟು ದಿನ ಮಗ್ಗುಲಲ್ಲೇ ಇದ್ದದ್ದನ್ನು ಅವನು ಕಣ್ಣಿಟ್ಟು ನೋಡಿದ್ದು ಆಗಲೇ. ಒಂದೊಂದು ಗೊಂಬೆಯ ಬುಡದಲ್ಲೂ ಬೆಳ್ಳಿಯ ಹಾಗೆ ಹೊಳೆಯುವ ಒಂದು ದುಂಡನೆ ಮಣೆ.

ಆಮೇಲೆ ಅವನ ಕೈ ಅವನ ಮಾತು ಕೇಳಲಿಲ್ಲ. ಎರಡೂ ಕೈಯಲ್ಲಿ ಗೊಂಬೆಗಳನ್ನು ಬಾಚಿ ರಟ್ಟಿನ ಪೆಟ್ಟಿಗೆಗೆ ಹಾಕಿದ, ವಾಷರುಗಳನ್ನು ಬಾಚಿ ಸ್ಟೀಲ್ ಬೋಗುಣಿಗೆ ಹಾಕಿದ, ಎಣಿಸಿದ. ಇಪ್ಪತ್ತನಾಲ್ಕೂ ಇದ್ದವು! ಉಸಿರು ಬಂತು. ಕ್ರಮಕ್ಕೆ ಗೆರೆ ಇದೆಯಲ್ಲ ಎಂದು ಒಂದನ್ನು ಎತ್ತಿ ಅಂಚು ನೋಡಿದ. ಇನ್ನೊಂದನ್ನು ನೋಡಿದ. ಹುಣಸೆಹಣ್ಣು ಹಾಕಿ ಉಜ್ಜಿದ್ದರು. ದೇವರ ಕೆಲಸಕ್ಕೆ ಬರುವ ಪಾತ್ರೆಯನ್ನು ಉಜ್ಜುವ ಹಾಗೆ ಅಂಚು, ತೂತು ಒಂದನ್ನೂ ಬಿಡದೆ ಉಜ್ಜಿದ್ದರು. ಗೆರೆಯ ಕುರುಹೂ ಉಳಿದಿರಲಿಲ್ಲ.

ದೇವಸ್ಥಾನದಿಂದ ಬಂದ ತಾಯಮ್ಮ ಬರಿದಾದ ಮೆಟ್ಟಿಲು ನೋಡಿ ಎದೆ ಹಿಡಿದುಕೊಂಡರು. ದಶಮಿಗೆ ಮುಂಚೆ ಪಟ್ಟದ ಗೊಂಬೆ ಎಬ್ಬಿಸುವುದು ಎಂದರೇನು!

"ಯಾಕ್ ಮುಟ್ಟಿದ್ರಿ ಅದನ್ನ? ಯಾರನ್ನ ಕೇಳಿ ಮುಟ್ಟಿದ್ರಿ?" ಎಂದು ಅಳಿಯ ಕಿರುಚಿದ.

"ನಿಮ್ಮನ್ನೇ ಕೇಳ್ದೆ ಕಣ್ರಪ್ಪ. ಗೊಂಬೆ ಓಲಾಡ್ತಾವೆ, ಈ ಬಿಲ್ಲೆ ತಗೊಳ್ಲಾ ಅಂದೆ. ಹ್ಞೂಂ ಅಂದ್ರಿ."

"ಅದೇನು ಅಂತ ಗೊತ್ತಾ ನಿಮಗೆ?"

"ಏನಪ್ಪಾ ಅದು?"

"ಹೇಳಿದ್ರೆ ಅರ್ಥ ಆಗಲ್ಲ ಬಿಡಿ" ಎಂದು ಬಾಗಿಲು ಹಾಕಿಕೊಂಡ. ಅಳಿಯನಿಂದ ಒಂದು ದಿನವೂ ಗದರಿಸಿಕೊಂಡಿರದ ಮುದುಕಿ ಅಡುಗೆಮನೆಯಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಗಳಿಗೆ ಏನೂ ಹೇಳಲಿಲ್ಲ.

ನಾಲ್ಕು ದಿನ ಅವನು ಗ್ಯಾರೇಜಿನಿಂದ ಹೊರಗೆ ಬಂದದ್ದು ಕಡಿಮೆ. ವರ್ಷವರ್ಷದ ರೂಢಿಯಿಂದ ಮೊದಲ ನಾಲ್ಕು ಪದ, ಕೊನೆಯ ಎರಡು ಪದ ಬಾಯಿಗೆ ಬರುತ್ತಿದ್ದವು. ಉಳಿದ ಹದಿನೆಂಟು ಕಲಸುಮೇಲೋಗರ. ಹಳೆಯ ಗ್ರಾಫಿಕ್ಸ್ ಕಾರ್ಡುಗಳನ್ನೆಲ್ಲ ಎಬ್ಬಿಸಿ ಜೋಡಿಸಿ, ಸಾಧ್ಯವಿರುವ ಕ್ರಮಗಳನ್ನೆಲ್ಲ ಒಂದೊಂದಾಗಿ ನೋಡುವ ಪ್ರೋಗ್ರಾಮು ಬರೆದ. ಅದು ಲೆಕ್ಕ ಹಾಕಿ ಹೇಳಿತು: ಹದಿನಾರು ವರ್ಷ. ಇನ್ನೊಂದು ಪದದ ಜಾಗ ನೆನಪಾದರೆ ಹತ್ತೂವರೆ ತಿಂಗಳು. ಎರಡು ನೆನಪಾದರೆ ಹತ್ತೊಂಬತ್ತು ದಿನ. ಮೂರು ನೆನಪಾದರೆ ಒಂದು ದಿನ ಮತ್ತು ಕೆಲವು ಗಂಟೆ. ಮೂರೇ ಪದ! ಸೋಮವಾರಕ್ಕೆ ಮುಂಚೆ ಮೂರು ಪದದ ಜಾಗ ನೆನಪಾಗಬೇಕು. ಅವನು ವಾಷರುಗಳನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತ. ಸುತ್ತಿಗೆ ಹಿಡಿದು ಮೇಜಿಗೆ ಬಡಿದು ನೋಡಿದ, ಅವತ್ತು ಕೈ ಹೊಡೆದ ಲೆಕ್ಕ ಕೈಗಾದರೂ ನೆನಪಿದೆಯೇನೋ ಎಂದು. ಐದನೆಯದು ಇದೇ ಎನ್ನಿಸುವುದು, ಮರುಕ್ಷಣ ಅಲ್ಲ ಎನ್ನಿಸುವುದು. ಮನೆದೇವರಿಗೆ ಹರಕೆ ಹೊತ್ತ, ತನ್ನ ತಲೆಗೆ ತಾನೇ ಗುದ್ದಿಕೊಂಡ. ವಿಜಯದಶಮಿ ಬಂದು ಹೋಯಿತು. "ಬ್ಯಾಂಕಿನ ರಜೆ, ನಿಧಾನ ಆಗುತ್ತೆ" ಎಂದು ನಿಸರ್ಗಾಳಿಗೆ ಸುಳ್ಳು ಹೇಳಿದ. ಹದಿಮೂರು ವರ್ಷ ಬ್ಯಾಂಕನ್ನು ಬೈದವನ ಬಾಯಲ್ಲಿ ಬ್ಯಾಂಕಿನ ನೆಪ ಕೇಳಿದಾಗಲೇ ಅವಳಿಗೆ ಅನುಮಾನ ಬಂತು.

ಭಾನುವಾರ ಮಧ್ಯಾಹ್ನ ಅವಳು ಗ್ಯಾರೇಜಿಗೆ ಬಂದು ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತಳು. "ನಾಳೆ ಸಹಿ ಹಾಕ್ಬೇಕು. ಏನಾಗಿದೆ ಹೇಳ್ರಿ."

ಹೇಳಿದ. ಬೋಲ್ಟು, ವಾಷರು, ಓರೆಗೆರೆ, ಹದಿನಾರು ವರ್ಷ, ಎಲ್ಲ ಹೇಳಿದ. ಬೋಗುಣಿಯನ್ನು ಅವಳ ಮುಂದೆ ತಳ್ಳಿದ. "ಎಲ್ಲಾ ಇಲ್ಲೇ ಇದೆ ನಿಸರ್ಗಾ, ಈ ಬೋಗುಣಿಯಲ್ಲೇ ಇದೆ. ಯಾವುದಾದ ಮೇಲೆ ಯಾವುದು ಅನ್ನೋದೊಂದೇ ಗೊತ್ತಿಲ್ಲ."

ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ತಾಯಮ್ಮನಿಗೆ ಬಿಟ್‌ಕಾಯಿನ್ ಅರ್ಥವಾಗಲಿಲ್ಲ. ಕೊನೆಯ ಮಾತು ಚೆನ್ನಾಗಿ ಅರ್ಥವಾಯಿತು.

"ಅಯ್ಯೋ, ಅದೇ ಬೇಕಿತ್ತಾ?" ಎಂದರು. "ನಾನು ಮೇಲಿಂದ ಒಂದೊಂದೇ ತೆಗೆದು, ಉಜ್ಜಿ, ಒರೆಸಿ, ಹಂಗೇ ಕೂರಿಸ್ತಾ ಬಂದೆ ಕಣ್ರಪ್ಪ. ಮೊದಲನೇದು ರಾಜನಿಗೆ, ಎರಡನೇದು ರಾಣಿಗೆ, ಆಮೇಲೆ ಬಲಗಡೆಯಿಂದ ಸಾಲಾಗಿ. ಗೊಂಬೆ ಕೂರಿಸೋದು ಅಂದ್ರೆ ಹಂಗೇ ಅಲ್ವಾ? ಅವತ್ತು ನೀವು ಗೊಂಬೆ ಎತ್ತೋಕೆ ಮುಂಚೆ ಒಂದು ಮಾತು ಕೇಳಿದ್ರೆ..."

ಶಿವಪ್ರಕಾಶ್ ಅತ್ತೆಯ ಮುಖ ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. ಕ್ರಮ ಎಂಟು ದಿನ ಅವನ ಮಗ್ಗುಲಲ್ಲೇ, ಮೇಲಿಂದ ಕೆಳಕ್ಕೆ, ಒಂದೂ ತಪ್ಪದೆ ಕೂತಿತ್ತು. ಕಲಸಿದ್ದು ಅವನೇ.

ಅವನು ದಡಬಡಿಸಿ ಎದ್ದು ವಾಷರುಗಳನ್ನು ಮೇಜಿನ ಮೇಲೆ ಹರವಿದ. "ಅತ್ತೆ, ದಮ್ಮಯ್ಯ ಅಂತೀನಿ, ನೋಡಿ ಹೇಳಿ. ಸೆಟ್ಟಿ ಗೊಂಬೆ ಕೆಳಗೆ ಯಾವುದಿತ್ತು? ಬಳೆಗಾರನ ಕೆಳಗೆ? ಯಾವುದಾದ್ರೂ ಮೂರು ಹೇಳಿ ಸಾಕು."

ತಾಯಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಎತ್ತಿ ನೋಡಿದರು. ಆಕೆಗೆ ಇಂಗ್ಲಿಷ್ ಬಾರದು. ಬಹಳ ಹೊತ್ತಾದ ಮೇಲೆ ಒಂದನ್ನು ಆರಿಸಿ ಅವನ ಅಂಗೈಯಲ್ಲಿಟ್ಟರು. "ಇದು ರಾಜಂದು. ಮುಂದುಗಡೆ ಏಣಿ ಥರ ಅಕ್ಷರ ಐತೆ ನೋಡಿ, ಇದೊಂದು ಚೆನ್ನಾಗಿ ಗ್ಯಾಪಕ ಐತೆ. ಮಿಕ್ಕಿದ್ದೆಲ್ಲ ಒಂದೇ ಥರ ಕಾಣ್ತಾವೆ ಕಣಪ್ಪ."

ಅದು ಮೊದಲನೆಯ ಪದ. ಅವನಿಗೆ ಗೊತ್ತಿದ್ದ ಆರರಲ್ಲಿ ಒಂದು. ಶಿವಪ್ರಕಾಶ್ ಅದನ್ನು ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ಕುಸಿದು, ದೊಡ್ಡ ಗಂಡಸು, ಗೊಳೋ ಎಂದು ಅತ್ತ. ತಾಯಮ್ಮ ಅವನ ತಲೆ ನೇವರಿಸುತ್ತಾ ತಪ್ಪು ತನ್ನದೇ ಎನ್ನುತ್ತಿದ್ದರು.

ನಿಸರ್ಗಾ ಅಳಲಿಲ್ಲ. "ಹದಿನಾರು ವರ್ಷಕ್ಕೆ ನನಗೆ ಎಷ್ಟಾಗುತ್ತೆ?" ಎಂದು ಕೇಳಿದಳು.

"ಐವತ್ತೊಂಬತ್ತು."

"ಈಗಿರೋ ಮಕ್ಕಳೆಲ್ಲ ಕಾಲೇಜಿಗೆ ಹೋಗಿರ್ತಾರೆ" ಎಂದಳು. ಫೋನು ತೆಗೆದು ಅಲ್ಲೇ ನಿಂತು ಲೋಲಾಗೆ ಹಚ್ಚಿದಳು. ಮಕ್ಕಳ ತಾಯಂದಿರ ಜೊತೆ ಮಾತಾಡುವ ಅದೇ ನಯವಾದ ಇಂಗ್ಲಿಷಿನಲ್ಲಿ, ತಮ್ಮಿಂದ ಆಗುವುದಿಲ್ಲ, ಕಾಯಿಸಿದ್ದಕ್ಕೆ ಕ್ಷಮಿಸಬೇಕು, ಬೇರೆಯವರಿಗೆ ಕೊಡಬಹುದು ಎಂದಳು. ಆಮೇಲೆ ದನಿ ತಗ್ಗಿಸಿ, ಹೊಸ ಒಡೆಯರು ಬಂದ ಮೇಲೂ ತನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆಯೇ ಎಂದು ಒಂದು ಮಾತು ವಿಚಾರಿಸಿ ಹೇಳುತ್ತೀರಾ ಎಂದು ಕೇಳಿದಳು.