ಗಾಳಿ ಶೆಡ್ಡಿಗೆ ನಾನು ಬರೆದ ಸೊನ್ನೆ

2022ರ ಜೂನ್‌ನಲ್ಲಿ ನಾನು ವಿದ್ಯುತ್ ಇಲಾಖೆಯ ಸಹಾಯಕ ಎಂಜಿನಿಯರ್ ಹುದ್ದೆಯಿಂದ ನಿವೃತ್ತನಾದೆ. ಮೂರು ತಿಂಗಳು ಮನೆಯಲ್ಲಿ ಕುಳಿತು, ಫ್ರಿಜ್ಜಿನ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಎಣಿಸತೊಡಗಿದಾಗ ನನ್ನ ಹೆಂಡತಿಗೆ ತಾಳ್ಮೆ ಮುಗಿಯಿತು. ಎಲ್ಲಾದರೂ ಕೆಲಸ ಹುಡುಕಿಕೊಳ್ಳಿ ಎಂದು ಅವಳೇ ಹೊರಗೆ ಅಟ್ಟಿದಳು. ವಿಜಯಪುರದ ಸಿದ್ಧೇಶ್ವರ ಗುಡಿ ಪ್ರದೇಶದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಒಂದು ಸಮುದಾಯ ನಿಧಿಯ ಕಚೇರಿ ಇತ್ತು. ಊರಿನ ವ್ಯಾಪಾರಿಗಳು, ನೌಕರರು, ಸಹಕಾರ ಸಂಘದವರು ಕೈಲಾದಷ್ಟು ಹಾಕಿ ಕಟ್ಟಿದ ನಿಧಿ ಅದು. ಇಂಗಾಲದ ಹೊರಸೂಸುವಿಕೆ ಕಡಿಮೆ ಮಾಡುವ ಸ್ಥಳೀಯ ಯೋಜನೆಗಳಿಗೆ ಅದರಿಂದ ನೆರವು ಕೊಡುತ್ತಿದ್ದರು. ನಾನು ಅಲ್ಲಿ ಯೋಜನಾ ಪರಿಶೀಲಕನಾಗಿ ಸೇರಿದೆ. ಅರ್ಜಿ ಬಂದ ಊರಿಗೆ ಹೋಗುವುದು, ಕಣ್ಣಾರೆ ನೋಡುವುದು, ವರದಿ ಬರೆಯುವುದು, ಇಷ್ಟೇ ಕೆಲಸ.

ಆ ವರದಿಯ ಬೆನ್ನೆಲುಬು ಬೇಸ್‌ಲೈನ್ ಎಂಬ ಲೆಕ್ಕ. ಅರ್ಜಿದಾರರು ಈಗ ವರ್ಷಕ್ಕೆ ಎಷ್ಟು ಡೀಸೆಲ್, ಕಟ್ಟಿಗೆ ಅಥವಾ ಕರೆಂಟು ಬಳಸುತ್ತಾರೆ ಎಂಬುದನ್ನು ಮೊದಲು ಬರೆಯಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹೊಸ ಯೋಜನೆ ಬಂದ ಮೇಲೆ ಇದರಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂಬ ವ್ಯತ್ಯಾಸಕ್ಕೆ ನೂರರಲ್ಲಿ ಐವತ್ತು ಅಂಕ. ಫಾರ್ಮಿನ ಕೊನೆಯಲ್ಲಿ ‘ಪರಿಶೀಲಕರ ಅಭಿಪ್ರಾಯ’ ಎಂದು ಅರ್ಧ ಪುಟ ಬಿಟ್ಟಿದ್ದರು. ನಾನು ಅಲ್ಲಿ ‘ಏನೂ ಇಲ್ಲ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಅಂಕಿ ಮಾತಾಡುವಾಗ ಮನುಷ್ಯ ಬಾಯಿ ಹಾಕಬಾರದು ಎಂಬುದು ನನ್ನ ನಿಲುವಾಗಿತ್ತು. ಕಚೇರಿಯಲ್ಲಿ ನನಗೆ ‘ಫುಟ್‌ಪಟ್ಟಿ’ ಎಂದು ಹೆಸರಿಟ್ಟಿದ್ದರು. ಅದು ಗೊತ್ತಾದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು.

ಆ ವರ್ಷದ ನವೆಂಬರ್‌ನಲ್ಲಿ ಒಣದ್ರಾಕ್ಷಿಗೆ ಸಂಬಂಧಿಸಿದ ಎರಡು ಅರ್ಜಿ ಬಂದವು. ಒಂದು ಬಬಲೇಶ್ವರದ ಖಾಸಗಿ ಘಟಕದ್ದು. ಅವರು ಡೀಸೆಲ್ ಭಟ್ಟಿಯ ಬಿಸಿಗಾಳಿಯಿಂದ ದ್ರಾಕ್ಷಿ ಒಣಗಿಸುತ್ತಿದ್ದರು, ಭಟ್ಟಿಯ ಬದಲು ಸೋಲಾರ್ ಹೀಟರ್ ಬೇಕೆಂದು ಕೇಳಿದ್ದರು. ಇನ್ನೊಂದು ತಿಕೋಟಾ ಕಡೆಯ ಘೋಣಸಗಿಯ ಹನ್ನೊಂದು ಹೆಂಗಸರ ಸಂಘದ್ದು. ಎರಡೂ ಕಡೆ ನನ್ನ ಜೊತೆ ಬಂದವರು ನಮ್ಮ ಕ್ಷೇತ್ರ ಸಂಯೋಜಕಿ ಸುವರ್ಣಾ. ನಲವತ್ತರ ಆಸುಪಾಸಿನ, ಈ ಭಾಗದ ಪ್ರತಿ ಊರಿನಲ್ಲೂ ಪರಿಚಯದ ಒಂದು ಮನೆ ಇಟ್ಟುಕೊಂಡಿದ್ದ ಹೆಣ್ಣುಮಗಳು.

ಬಬಲೇಶ್ವರದಲ್ಲಿ ಕೆಲಸ ಒಂದೇ ಗಂಟೆಯಲ್ಲಿ ಮುಗಿಯಿತು. ಡೀಸೆಲ್ ರಸೀದಿಗಳನ್ನು ವರ್ಷವಾರು ಚುಚ್ಚಿಟ್ಟಿದ್ದರು. ಭಟ್ಟಿಯ ಫೋಟೋ ತೆಗೆದುಕೊಂಡೆ. ಹಸಿರು ಬಣ್ಣ ಬಳಿದಿದ್ದರು, ಬಾಗಿಲಿನ ಮೇಲೆ ಅಂಗೈ ಅಗಲದ ತಗಡಿನ ತೇಪೆ ಬೆಸುಗೆ ಹಾಕಿದ್ದರು.

ಘೋಣಸಗಿಯ ಶೆಡ್ಡು ಬೇರೆಯೇ ತರಹದ್ದು. ಕಬ್ಬಿಣದ ಕಂಬಗಳ ನಡುವೆ ಹತ್ತು ಅಂತಸ್ತಿನಲ್ಲಿ ಬಲೆ ಬಿಗಿದಿದ್ದರು, ಮೇಲೆ ಹಳೆಯ ತಗಡು, ನಾಲ್ಕೂ ಬದಿ ಬಯಲು. ಎಣ್ಣೆ ದ್ರಾವಣದಲ್ಲಿ ಅದ್ದಿದ ದ್ರಾಕ್ಷಿಯನ್ನು ಬಲೆಯ ಮೇಲೆ ಹರವಿದರೆ ಹದಿನೈದು ದಿನದಲ್ಲಿ ಗಾಳಿಯೇ ಒಣಗಿಸುತ್ತದೆ. ಬಿಸಿಲು ನೇರವಾಗಿ ತಾಗದ ಕಾರಣ ಹಣ್ಣು ತಿಳಿಹಸಿರಾಗಿಯೇ ಉಳಿಯುತ್ತದೆ. ಆದರೆ ಹಿಂದಿನ ಮಾರ್ಚ್‌ನಲ್ಲಿ ಅಕಾಲದ ಮಳೆ ಬಂದು ಅರ್ಧ ಮಾಲು ಕಪ್ಪಾಗಿತ್ತು. ಅದಕ್ಕೆ ಹೊಸ ತಗಡು, ಮಳೆ ಬಂದಾಗ ಇಳಿಬಿಡುವ ಪರದೆಗಳು, ತೇವದ ದಿನಗಳಿಗೆಂದು ನಾಲ್ಕು ಸೋಲಾರ್ ಫ್ಯಾನು ಕೇಳಿದ್ದರು.

ಸಂಘದ ಮುಖ್ಯಸ್ಥೆ ರಜಿಯಾಬಿ. ಐವತ್ತು ದಾಟಿದ ಗಟ್ಟಿ ಹೆಂಗಸು. ಮಾತಾಡುತ್ತಿದ್ದಾಗಲೂ ಅವರ ಬೆರಳು ಮುಂದಿನ ಮೊರದಲ್ಲಿದ್ದ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಲೇ ಇದ್ದವು. ವರ್ಷಕ್ಕೆ ಎಷ್ಟು ಡೀಸೆಲ್, ಎಷ್ಟು ಯೂನಿಟ್ ಕರೆಂಟು ಎಂದು ನಾನು ಕೇಳಿದೆ.

“ನಮ್ಮಲ್ಲಿ ಗಾಳಿ ಅಷ್ಟ ಐತ್ರಿ. ಗಾಳಿಗಿ ಮೀಟರ್ ಎಲ್ಲಿಂದ ತರೂಣು?” ಎಂದರು. ಹನ್ನೊಂದೂ ಜನ ನಕ್ಕರು, ನಾನೂ ನಕ್ಕೆ. ನಕ್ಕು ಬೇಸ್‌ಲೈನ್ ಎಂಬಲ್ಲಿ ಸೊನ್ನೆ ಬರೆದೆ.

ಚಹಾ ಬಂತು. ಕುಡಿಯುತ್ತಾ ಸುಮ್ಮನೆ ಕೂರಲಾಗದೆ ಒಂದು ಮಾತು ಕೇಳಿದೆ. ಮುಂದಿನ ವರ್ಷ ಮತ್ತೆ ಮಳೆ ಬಂದರೆ ಏನು ಮಾಡುತ್ತೀರಿ ಎಂದು. ರಜಿಯಾಬಿಯ ಬೆರಳು ಮೊದಲ ಸಲ ನಿಂತವು.

“ಏನ್ ಮಾಡೂದ್ರಿ. ನಾವೂ ಡೀಸೆಲ್ ಭಟ್ಟಿ ಹಿಡಿಬೇಕಾಗ್ತೈತಿ. ಇಲ್ಲಂದ್ರ ಈ ಹನ್ನೊಂದು ಮಂದಿ ಕೂಡಿ ಇರೂದಿಲ್ಲ.”

ನಾನು ತಲೆಯಾಡಿಸಿದೆ. ಹೊರಡುವಾಗ ಒಂದು ಪುಡಿಕೆ ಒಣದ್ರಾಕ್ಷಿ ಕೊಟ್ಟರು. ನಿಯಮದ ಪ್ರಕಾರ ತೆಗೆದುಕೊಳ್ಳಬಾರದು, ಆದರೂ ಬೇಡ ಎನ್ನಲಾಗಲಿಲ್ಲ. ದಾರಿಯುದ್ದಕ್ಕೂ ತಿಂದೆ.

ಮರುದಿನ ವರದಿ ಬರೆಯುವಾಗ ಸುವರ್ಣಾ ನನ್ನ ಮೇಜಿನ ಬಳಿ ಬಂದು ನಿಂತರು. ಫಾರ್ಮಿನ ಕೊನೆಯ ಅರ್ಧ ಪುಟದ ಮೇಲೆ ಬೆರಳಿಟ್ಟು, “ಸರ್, ಭಟ್ಟಿ ಹಿಡಿಬೇಕಾಗ್ತೈತಿ ಅಂತ ಅಕಿ ಹೇಳಿದ್ದನ್ನಷ್ಟ ಇಲ್ಲಿ ಬರೀರಿ. ನೀವೇನು ಹೊಸದು ಕಟ್ಟಿ ಹೇಳೂದು ಬ್ಯಾಡ” ಎಂದರು.

ಅವರಿಗೆ ಈಗ ಭಟ್ಟಿ ಇಲ್ಲ, ಇಲ್ಲದ್ದನ್ನು ಬರೆದರೆ ಸುಳ್ಳು ಬರೆದಂತೆ ಎಂದು ನಾನು ಹೇಳಿದೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಂದು ಮೀಟರನ್ನೂ ತಪ್ಪು ಓದಿದವನಲ್ಲ ಎಂಬ ಹಳೆಯ ಜಂಬದ ಮಾತನ್ನೂ ಸೇರಿಸಿದೆ. ಸುವರ್ಣಾ ತಮ್ಮ ಮೇಜಿಗೆ ಹೋದರು. ‘ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿದೆ.

ಡಿಸೆಂಬರ್‌ನ ಸಮಿತಿ ಸಭೆಯಲ್ಲಿ ಬಬಲೇಶ್ವರಕ್ಕೆ 81 ಅಂಕ, ಘೋಣಸಗಿಗೆ 34. ವರದಿ ಅಚ್ಚುಕಟ್ಟಾಗಿದೆ ಎಂದು ಅಧ್ಯಕ್ಷರು ನನ್ನನ್ನು ಹೊಗಳಿದರು. ನಿಮ್ಮ ಯೋಜನೆಯಿಂದ ಹೊರಸೂಸುವಿಕೆ ಕಡಿಮೆಯಾಗುವುದಿಲ್ಲವಾದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ ಎಂಬ ಪತ್ರವನ್ನು ಘೋಣಸಗಿಗೆ ಕಳಿಸಿದೆವು. ಹೊಗೆಯನ್ನೇ ಬಿಡದವರಿಗೆ ಹೊಗೆ ಕಡಿಮೆಯಾಗುವುದಿಲ್ಲ ಎಂದು ಕಾರಣ ಕೊಟ್ಟಿದ್ದೆವು. ಆ ಪತ್ರದ ಕರಡು ನನ್ನದೇ. ಬರೆಯುವಾಗ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಜನವರಿಯಲ್ಲಿ ಬಬಲೇಶ್ವರದಲ್ಲಿ ಸೋಲಾರ್ ಹೀಟರ್ ಕೂತಿತು. ನಾನು ಹೋಗಿ ನೋಡಿ, ‘ಹಳೆಯ ಭಟ್ಟಿ ತೆಗೆಯಲಾಗಿದೆ’ ಎಂದು ದೃಢೀಕರಿಸಿದೆ. ತೆಗೆದದ್ದು ಎಲ್ಲಿಗೆ ಹೋಯಿತು ಎಂದು ಕೇಳುವ ಕಾಲಂ ಫಾರ್ಮಿನಲ್ಲಿ ಇರಲಿಲ್ಲ.

ಮಾರ್ಚ್‌ನಲ್ಲಿ ಎರಡು ದಿನ ಮಳೆ ಹೊಡೆಯಿತು. ಬಿಸಿಲಿಗೆ ಬೆಂದಿದ್ದ ಊರು ತಣ್ಣಗಾಯಿತು. ಕಚೇರಿಯ ಕೆಳಗಿನ ಅಂಗಡಿಯಿಂದ ಮಿರ್ಚಿ ಭಜಿ ತರಿಸಿ, ಕಿಟಕಿಯಲ್ಲಿ ನಿಂತು ತಿನ್ನುತ್ತಾ, ಎಂಥ ಒಳ್ಳೆ ಮಳೆ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಆಗ ಸುವರ್ಣಾ ಫೋನು ಮಾಡಿದರು. “ಘೋಣಸಗಿ ಶೆಡ್ಡಿನಾಗ ಎಲ್ಲಾ ಕರ್ರಗಾಗೇತ್ರಿ ಸರ್. ಒಮ್ಮೆ ಬಂದು ನೋಡ್ರಿ” ಎಂದರು.

ನಾನು ಹೋಗಲಿಲ್ಲ. ತಿರಸ್ಕೃತ ಅರ್ಜಿಯ ಸ್ಥಳಕ್ಕೆ ಭೇಟಿ ಕೊಡುವ ನಿಯಮ ಇಲ್ಲ ಎಂದೆ. ನಿಜಕ್ಕೂ ಇದ್ದ ಕಾರಣ ಬೇರೆ, ಆ ಹೆಂಗಸಿನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅದನ್ನು ಆಗ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ.

2023ರ ಅಕ್ಟೋಬರ್‌ನ ಅರ್ಜಿಗಳ ಕಟ್ಟಿನಲ್ಲಿ ಘೋಣಸಗಿಯ ಹೆಸರು ಮತ್ತೆ ಕಂಡಿತು. ಅದೇ ದುಂಡಗಿನ ಅಕ್ಷರ. ಈ ಸಲ ವಿಷಯ ಮಾತ್ರ ಬೇರೆ: ಡೀಸೆಲ್ ಭಟ್ಟಿ ತೆಗೆದು ಸೋಲಾರ್ ಹೀಟರ್ ಅಳವಡಿಸುವುದು.

ಹೋದಾಗ ಗಾಳಿ ಶೆಡ್ಡು ಇರಲಿಲ್ಲ. ಅದರ ಕಬ್ಬಿಣ ಮಾರಿ, ಕೈಯಿಂದಲೂ ಒಂದಿಷ್ಟು ಹಾಕಿ, ಅದೇ ಜಾಗದಲ್ಲಿ ತಗಡಿನ ಕೋಣೆ ಕಟ್ಟಿಕೊಂಡಿದ್ದರು. ಹನ್ನೊಂದು ಜನರಲ್ಲಿ ಉಳಿದವರು ಆರು. ಇನ್ನೈದು ಜನ ಬೇರೆಯವರ ಶೆಡ್ಡುಗಳಲ್ಲಿ ದಿನಗೂಲಿಗೆ ಹಣ್ಣು ಆರಿಸಲು ಹೋಗುತ್ತಿದ್ದರು. ರಜಿಯಾಬಿ ನನ್ನನ್ನು ನೇರವಾಗಿ ಕೋಣೆಯ ಹಿಂದೆ ಕರೆದುಕೊಂಡು ಹೋಗಿ ಭಟ್ಟಿ ಹೊತ್ತಿಸಿ ತೋರಿಸಿದರು. ಕೊಳವೆಯಿಂದ ಕಪ್ಪು ಹೊಗೆ ಎದ್ದಿತು.

“ಈಗ ನಮ್ಮಲ್ಲೂ ಹೊಗಿ ಐತ್ರಿ ಸಾಹೇಬ್ರ. ಬರಕೋರಿ” ಎಂದರು. ಅದರಲ್ಲಿ ಕುಹಕ ಇರಲಿಲ್ಲ. ಕಳೆದ ಸಲ ಕಡಿಮೆ ಬಿದ್ದ ಕಾಗದವನ್ನು ಈ ಸಲ ಮರೆಯದೆ ತಂದವರ ಹಾಗೆ ಹೇಳಿದರು.

ನಾನು ಪೆನ್ನು ತೆಗೆಯಲಿಲ್ಲ. ನನ್ನ ಕಣ್ಣು ಭಟ್ಟಿಯ ಬಾಗಿಲಿನ ಮೇಲಿತ್ತು. ಹಸಿರು ಬಣ್ಣ, ಅಂಗೈ ಅಗಲದ ತೇಪೆ. ಎಲ್ಲಿಂದ ತಂದಿರಿ ಎಂದು ಕೇಳಿದೆ. ಬಬಲೇಶ್ವರದವರು ಹಳೆಯದನ್ನು ಮಾರಿದ್ದರು, ಸಸ್ತಾ ಸಿಕ್ಕಿತು ಎಂದರು. ನಾನು ತೆಗೆಯಲಾಗಿದೆ ಎಂದು ಸಹಿ ಹಾಕಿದ್ದ ಭಟ್ಟಿ ಇಲ್ಲಿ ಉರಿಯುತ್ತಿತ್ತು. ಒಂದು ಊರಿನ ಹೊಗೆಯನ್ನು ಎತ್ತಿ, ಗಾಳಿಯಲ್ಲಿ ಕೆಲಸ ಮಾಡುತ್ತಿದ್ದ ಇನ್ನೊಂದು ಊರಿಗೆ ಕೊಟ್ಟಿದ್ದೆವು. ಸುಳ್ಳಾಗುತ್ತದೆ ಎಂದು ನಾನು ಬರೆಯದೆ ಬಿಟ್ಟ ಮಾತನ್ನು ನಾವೇ ನಿಜ ಮಾಡಿಟ್ಟಿದ್ದೆವು.

ಆ ಸಲ ಅರ್ಧ ಪುಟ ಸಾಲದೆ ಇನ್ನೆರಡು ಹಾಳೆ ಅಂಟಿಸಿದೆ. ಮೊದಲ ಭೇಟಿಯಲ್ಲಿ ಕೇಳಿದ್ದು, ಬಿಟ್ಟದ್ದು, ಹಸಿರು ಭಟ್ಟಿ, ಎಲ್ಲವನ್ನೂ ಬರೆದೆ. ಸಮಿತಿ 78 ಅಂಕ ಕೊಟ್ಟು ಮಂಜೂರು ಮಾಡಿತು. ಹಳೆಯ ಭಟ್ಟಿಯನ್ನು ಮಾರದೆ ಒಡೆದು ಗುಜರಿಗೆ ಹಾಕಬೇಕು, ನೆರವು ಸಿಗದಿದ್ದರೆ ಅರ್ಜಿದಾರರು ಏನು ಮಾಡಬೇಕಾಗುತ್ತದೆ ಎಂಬುದನ್ನೂ ಪರಿಶೀಲಕ ದಾಖಲಿಸಬೇಕು ಎಂದು ನಿಯಮ ತಿದ್ದಿದರು. ಮುಂದೆ ಬಂದ ಅರ್ಜಿಗಳಿಗೆ ಇದರಿಂದ ಒಳ್ಳೆಯದೇ ಆಯಿತು. ಹೋದ ಐದು ಜನ ಮಾತ್ರ ಸಂಘಕ್ಕೆ ತಿರುಗಿ ಬರಲಿಲ್ಲ.

2024ರ ಫೆಬ್ರವರಿಯಲ್ಲಿ ಸೋಲಾರ್ ಹೀಟರ್ ನೋಡಲು ಕೊನೆಯ ಸಲ ಹೋದೆ. ಯಂತ್ರ ಚೆನ್ನಾಗಿ ನಡೆಯುತ್ತಿತ್ತು. ಬಿಸಿಗಾಳಿಯ ಹಣ್ಣು ಕಂದಾಗುತ್ತದೆ, ಮೊದಲಿನ ಹಸಿರು ಬರುವುದಿಲ್ಲ ಎಂದು ರಜಿಯಾಬಿ ಒಂದು ಹಿಡಿ ತೋರಿಸಿದರು. ಆಮೇಲೆ ಉಳಿದವರ ಕಡೆ ತಿರುಗಿ, “ಮೊದಲ ಸಲನೂ ಸಾಹೇಬ್ರು ಎಲ್ಲಾ ಬರಕೊಂಡು ಹೋಗಿದ್ರು. ಮ್ಯಾಲಿನವರ ಒಪ್ಪಲಿಲ್ಲ” ಎಂದರು.

ಹದಿನೈದು ತಿಂಗಳಿಂದ ಅವರು ಹಾಗೆಂದೇ ನಂಬಿದ್ದರು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

“ಇಲ್ಲ ರಜಿಯಾಬಿ. ನೀವು ಹೇಳಿದ್ದನ್ನ ನಾನ ಬರಕೊಂಡಿರಲಿಲ್ಲ” ಎಂದೆ.

ಅವರು ನನ್ನ ಕಡೆ ತಿರುಗಿದರು. ಸಿಟ್ಟು ಕಾಣಲಿಲ್ಲ. ಅರ್ಥವಾಗದ್ದನ್ನು ತಿಳಿದುಕೊಳ್ಳಬೇಕೆಂಬಂತೆ ಕೇಳಿದರು: “ಹಂಗಾರ ಕೇಳಿದ್ಯಾಕ್ರಿ?”

ಆ ವರ್ಷದ ಕೊನೆಗೆ ನಾನು ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಬಂದವರಿಗೆ ಬೇಸ್‌ಲೈನ್ ಲೆಕ್ಕ ಕಲಿಸಲು ಅರ್ಧ ದಿನ ಸಾಕಾಯಿತು. ಉಳಿದ ಅರ್ಧ ದಿನ ಅವರನ್ನು ಕೂರಿಸಿಕೊಂಡು ಘೋಣಸಗಿಯ ಎರಡೂ ಫೈಲು ಓದಿಸಿದೆ. ಚಹಾ ಕುಡಿಯುತ್ತಾ ಕೇಳಿದ ಪ್ರಶ್ನೆಯೂ ಪ್ರಶ್ನೆಯೇ, ಉತ್ತರ ಕೊಡುವವರು ಅದನ್ನು ನಂಬಿ ಕೊಟ್ಟಿರುತ್ತಾರೆ, ಆದ್ದರಿಂದ ಅದನ್ನು ಬರೆದುಕೊಂಡೇ ಏಳಬೇಕು ಎಂದು ಹೇಳಿಕೊಟ್ಟೆ. ಇದನ್ನು ಕಲಿಯಲು ನನಗೆ ಮೂವತ್ತೆರಡು ವರ್ಷಗಳ ಕೆಲಸ ಬೇಕಾಯಿತು.