ಹಿತ್ತಲಿನಿಂದ ಬಂದ ಉತ್ತರ

ದೆವ್ವ, ಗಾಳಿ, ಅಶರೀರವಾಣಿ ಇವೆಲ್ಲ ಹೊಟ್ಟೆ ತುಂಬಿದವರ ಹರಟೆ ಎಂದು ನಂಬಿಕೊಂಡಿದ್ದವಳು ನಾನು. ಮೆಲ್ಬರ್ನಿನ ಈ ವಿಂಡಮ್ ವೇಲ್‌ನಲ್ಲಿ ವಾರಾಂತ್ಯಕ್ಕೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಊಟ ಮುಗಿದ ಮೇಲೆ ಯಾರಾದರೊಬ್ಬರು, ನಮ್ಮತ್ತೆ ಊರಲ್ಲಿ ಒಂದ್ಸಲ ಏನಾಯ್ತು ಗೊತ್ತಾ, ಎಂದು ಶುರು ಮಾಡುತ್ತಾರೆ. ಉಳಿದವರು ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತರೆ ನಾನು ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ಉಡುಪಿ ಕಡೆಯವಳಾಗಿ ಇದನ್ನೆಲ್ಲ ನಂಬಲ್ವಾ ಎಂದು ಕೇಳಿದವರಿಗೆ, ನಂಬುವವರು ಬಂದು ಪಾತ್ರೆ ಒರೆಸಿ ಎನ್ನುತ್ತಿದ್ದೆ. ಈಗ ಅದೇ ಬಾಯಲ್ಲಿ ಇದನ್ನು ಹೇಳಬೇಕಾಗಿದೆ. ಅರ್ಧದಲ್ಲಿ ನೀವು ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ನಾನು ಫೋನಿನಲ್ಲಿ ದುಭಾಷಿಯ ಕೆಲಸ ಮಾಡುತ್ತೇನೆ. ಆಸ್ಪತ್ರೆಯಲ್ಲೋ ಕೋರ್ಟಿನಲ್ಲೋ ಕನ್ನಡ ಬಿಟ್ಟು ಬೇರೆ ಬಾರದ ಒಬ್ಬರು ಸಿಕ್ಕಿಕೊಂಡರೆ ಏಜೆನ್ಸಿಯವರು ನನಗೆ ಕರೆ ಜೋಡಿಸುತ್ತಾರೆ. ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಆ ಕಡೆಯವರು 'ನನಗೆ ಎದೆನೋವು' ಅಂದರೆ ನಾನೂ ಇಂಗ್ಲಿಷಿನಲ್ಲಿ 'ನನಗೆ ಎದೆನೋವು' ಎನ್ನಬೇಕು. 'ಅವರಿಗಂತೆ' ಎನ್ನುವಂತಿಲ್ಲ. ಒಂದು ಮಾತು ಸೇರಿಸುವಂತಿಲ್ಲ, ಒಂದು ಮಾತು ಬಿಡುವಂತಿಲ್ಲ. ಹಾಗಾಗಿ ಬೆಳಗಿನಿಂದ ಸಂಜೆಯೊಳಗೆ ನಾನು ಒಮ್ಮೆ ಬಸುರಿ, ಒಮ್ಮೆ ಸಕ್ಕರೆ ಕಾಯಿಲೆಯ ಮುದುಕ, ಒಮ್ಮೆ ಲೈಸೆನ್ಸ್ ಕಳಕೊಂಡ ಡ್ರೈವರು. ಗಂಡ ರೇಗಿಸುವುದುಂಟು, ಊಟಕ್ಕೆ ಕೂತಿರುವವಳು ಈಗ ಯಾರು ಅಂತ.

ಸಿಡ್ನಿ ಕಡೆಯ ಶೆರಿಫ್ ಆಫೀಸುಗಳಿಂದಲೂ ಕರೆ ಬರುತ್ತದೆ. ಶೆರಿಫ್ ಎಂದ ಕೂಡಲೇ ಕುದುರೆ, ಟೋಪಿ, ಪಿಸ್ತೂಲು ನೆನಪಾದರೆ ಅದು ಬೇರೆ ದೇಶದ್ದು. ಇಲ್ಲಿನವರು ಕೋರ್ಟಿನ ಆಜ್ಞೆಯನ್ನು ಮನೆಬಾಗಿಲಿಗೆ ತರುವ ಯೂನಿಫಾರ್ಮಿನವರು. ಸಮನ್ಸ್ ಕೊಡುತ್ತಾರೆ, ಜ್ಯೂರಿಯವರನ್ನು ನೋಡಿಕೊಳ್ಳುತ್ತಾರೆ, ಸಾಮಾನು ಜಪ್ತಿ ಮಾಡುತ್ತಾರೆ, ಬಾಡಿಗೆದಾರರು ಬಿಟ್ಟುಕೊಡದ ಮನೆಯನ್ನು ಖಾಲಿ ಮಾಡಿಸಿ ಬೀಗ ಬದಲಾಯಿಸುತ್ತಾರೆ. ಸಬರ್ಬ್‌ಗಳು ಮುಗಿದು ಕುದುರೆ ಮೇಯುವ ಬಯಲು ಶುರುವಾಗುವ ಕಡೆ ಇರುವ ಒಂದು ಸಣ್ಣ ಆಫೀಸಿಗೆ ಸುತ್ತಲಿನ ತೋಟ, ಫಾರಂಗಳೆಲ್ಲ ಸೇರಿದ್ದವು. ಅಲ್ಲಿನ ಅಧಿಕಾರಿಯೊಬ್ಬನ ದನಿ ನನಗೆ ಪರಿಚಯವಿತ್ತು. ದಪ್ಪ ಸ್ವರ, ಅವಸರವಿಲ್ಲದ ಮಾತು. ಜನರನ್ನು ಹೊರಹಾಕುವ ಕೆಲಸವಾದರೂ ನಾಯಿಗೆ ನೀರಿಟ್ಟಿದ್ದೀರಾ ಎಂದು ಕೇಳುವ ಮನುಷ್ಯ.

ಆ ಚಳಿಗಾಲದ ಬೆಳಿಗ್ಗೆ ನನ್ನ ಗಂಡ ಕಾಫಿ ಲೋಟ ಹಿಡಿದುಕೊಂಡು, ರಾತ್ರಿಯೆಲ್ಲ ನನ್ನ ಗೊಣಗಾಟದಿಂದ ನಿದ್ದೆಯಿಲ್ಲ ಎಂದು ತಕರಾರು ತೆಗೆದ. ಮನೆಯಲ್ಲಿ ನಮ್ಮ ಮಾತು ತುಳು. ನಿದ್ದೆಯಲ್ಲಿ ನಾನು ಬಡಬಡಿಸಿದ್ದು ಮಾತ್ರ ಕನ್ನಡದಲ್ಲಂತೆ. ಕನಸಲ್ಲೂ ಡ್ಯೂಟಿ ಮಾಡುವುದಾದರೆ ಓವರ್‌ಟೈಮ್ ಕೇಳು ಎಂದು ನಕ್ಕು ಅವನು ಟ್ರೈನಿಗೆ ಹೋದ. ನಾನು ಬಟ್ಟೆ ಮಡಚುತ್ತಿದ್ದಾಗ ಆ ಅಧಿಕಾರಿಯ ಕರೆ ಬಂತು.

ಮನೆ ಮಾರಾಟವಾಗಿತ್ತು. ಬಾಡಿಗೆಗೆ ಇದ್ದ ಕುಟುಂಬ ಬಿಟ್ಟಿರಲಿಲ್ಲ. ಮನೆಯವರ ಭಾಷೆ ಕನ್ನಡ ಎಂದು ಮೊದಲ ಸಲ ನೋಟಿಸ್ ಕೊಡಲು ಬಂದಾಗಲೇ ಗೊತ್ತಾಗಿತ್ತಂತೆ. ಬಾಗಿಲು ಬಡಿದರೂ ಯಾರೂ ತೆಗೆಯುತ್ತಿಲ್ಲ, ಬೀಗ ಒಡೆಯುವ ಮುಂಚೆ ಅವರ ಭಾಷೆಯಲ್ಲಿ ಒಂದು ಸಲ ಕೂಗಿ ಹೇಳಿ ಎಂದ. ಫೋನನ್ನು ಸ್ಪೀಕರಿಗೆ ಹಾಕಿದ. ನಾನು ಗಂಟಲೆತ್ತಿ ಹೇಳಿದೆ. ಉತ್ತರವಿಲ್ಲ. ಅವನ ಜೊತೆ ಬಂದಿದ್ದ ಬೀಗದವನ ಡ್ರಿಲ್ಲಿನ ಸದ್ದಾಯಿತು. ಆಮೇಲೆ ಅಧಿಕಾರಿ ಫೋನ್ ಹಿಡಿದುಕೊಂಡೇ ಕೋಣೆ ಕೋಣೆ ನೋಡಿದ. ಪ್ರತಿ ಕೋಣೆಯಲ್ಲೂ ನಾನು, ಯಾರಾದ್ರೂ ಇದ್ದೀರಾ, ಎಂದು ಕೇಳಿದೆ. ನನ್ನ ದನಿ ಖಾಲಿ ಗೋಡೆಗೆ ಬಡಿದು ನನಗೇ ವಾಪಸ್ಸು ಬರುತ್ತಿತ್ತು. ಒಂದು ಹಾಸಿಗೆ, ಒಂದು ಮುರಿದ ಕುಕ್ಕರ್ ಬಿಟ್ಟು ಎಲ್ಲ ಸಾಗಿಸಿದ್ದಾರೆ, ರಾತ್ರೋರಾತ್ರಿ ಹೋಗಿದ್ದಾರೆ ಎಂದ. ಹೊಸ ಬೀಗ ಕೂತಿತು. ಇನ್ನು ಗೇಟಿಗೆ ಸರಪಳಿ ಹಾಕುವುದಷ್ಟೇ ಬಾಕಿ. ಹೊಸ ಮಾಲೀಕ ವಿದೇಶದಲ್ಲಿದ್ದ, ಬೇಸಿಗೆಯವರೆಗೆ ಈ ಕಡೆ ಯಾರೂ ಬರುವವರಿರಲಿಲ್ಲ. ಅನುಮತಿಯಿಲ್ಲದೆ ಒಳಗೆ ಬರುವುದು ಅಪರಾಧ ಎಂದು ಕೊನೆಯದಾಗಿ ಕನ್ನಡದಲ್ಲಿ ಹೇಳಿಬಿಡಿ, ಅದು ನಮ್ಮ ಕ್ರಮ ಎಂದ. ಖಾಲಿ ಮನೆಗೆ ಅದನ್ನೂ ಹೇಳಿದೆ.

ಆಗ ಉತ್ತರ ಬಂತು.

"ಹಿಂದ್ಗಡೆ ಶೆಡ್ಡಲ್ಲಿ ಇದ್ದೀನಿ. ಏಳಕ್ಕಾಗ್ತಿಲ್ಲ. ಬೀಗ ಹಾಕ್ಕೊಂಡು ಹೋಗ್ಬೇಡಿ."

ಹೆಂಗಸಿನ ದನಿ. ತುಮಕೂರು ಕಡೆಯ ಕನ್ನಡ. ಅಳುವಿಲ್ಲ, ಗಾಬರಿಯಿಲ್ಲ. ಶಾಲೆಯಲ್ಲಿ ಮಕ್ಕಳು ಬಾಯಿಪಾಠ ಒಪ್ಪಿಸುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅಭ್ಯಾಸಬಲದಿಂದ ನಾನು ಮರುಕ್ಷಣವೇ ಇಂಗ್ಲಿಷಿನಲ್ಲಿ ಹೇಳಿದೆ: ನಾನು ಹಿಂದಿನ ಶೆಡ್ಡಿನಲ್ಲಿದ್ದೇನೆ, ನನಗೆ ಏಳಲಾಗುತ್ತಿಲ್ಲ, ಬೀಗ ಹಾಕಿ ಹೋಗಬೇಡಿ.

ಆಮೇಲೆ ಅವನು ಬಹಳ ಮೆತ್ತಗೆ ಕೇಳಿದ.

"ನೀವು ಎಲ್ಲಿದ್ದೀರಿ? ನಿಮ್ಮ ಅಡ್ರೆಸ್ ಹೇಳಿ, ಆ್ಯಂಬುಲೆನ್ಸ್ ಕಳಿಸ್ತೀನಿ."

ಅವನು ನನಗೇ ಏನೋ ಆಗಿದೆ ಎಂದುಕೊಂಡಿದ್ದ. ಮೆಲ್ಬರ್ನಿನಲ್ಲಿ, ನನ್ನ ಮನೆಯ ಹಿತ್ತಲ ಶೆಡ್ಡಿನಲ್ಲಿ ನಾನು ಬಿದ್ದಿದ್ದೇನೆ ಎಂದು. ನಾನಲ್ಲ, ನಿಮ್ಮ ಹತ್ತಿರ ಇರುವ ಹೆಂಗಸು ಹೇಳಿದ್ದು ಎಂದೆ. ಇಲ್ಲಿ ಯಾರೂ ಮಾತಾಡಲಿಲ್ಲವಲ್ಲ ಎಂದ. ಪಕ್ಕದಲ್ಲಿದ್ದ ಬೀಗದವನನ್ನು ಕೇಳಿದ. ಅವನಿಗೂ ನನ್ನ ದನಿ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಹಿಂದೆ ಒಂದು ತಗಡಿನ ಶೆಡ್ ಇದೆ, ಕಿಟಕಿಯಿಂದ ನೋಡಿದೆ, ಹುಲ್ಲು ಕತ್ತರಿಸುವ ಮಿಷನ್ನು, ಹಳೇ ಟೈರು ಅಷ್ಟೇ, ಎಂದು ಸಮಾಧಾನ ಹೇಳಿದ. ಮುಂದಿನ ಮನೆಗೆ ಹೊತ್ತಾಗುತ್ತಿದೆ ಎಂದ. ಸರಪಳಿಯ ಸದ್ದು ನನಗೆ ಕೇಳಿಸಿತು.

ಸುಮ್ಮನಿದ್ದರೆ ನನ್ನ ಕೆಲಸಕ್ಕೆ ಏನೂ ತೊಂದರೆಯಿಲ್ಲ, ಆದರೆ ಆ ಹೆಂಗಸಿನ ಕಥೆ ಮುಗಿಯಿತು. ನಿಯಮ ಮೀರಿ ನಾನು ನನ್ನ ಸ್ವಂತ ಮಾತಾಡಿದೆ. ದಮ್ಮಯ್ಯ, ಆ ಶೆಡ್ಡಿನ ಹಿಂಬದಿಗೊಮ್ಮೆ ಹೋಗಿ ನೋಡಿ, ಯಾರೂ ಇಲ್ಲದಿದ್ದರೆ ನನ್ನ ಮೇಲೆ ಕಂಪ್ಲೇಂಟ್ ಬರೆಯಿರಿ, ಎಂದು ಹೆಚ್ಚುಕಡಿಮೆ ಜಗಳಕ್ಕೇ ನಿಂತೆ. ಒಂದು ಉಸಿರು ಬಿಟ್ಟು ಅವನು ಹೊರಟ. ಒಣ ಹುಲ್ಲಿನ ಮೇಲೆ ಬೂಟಿನ ಸದ್ದು, ತಗಡು ಸರಿಸಿದ ಸದ್ದು. ಆಮೇಲೆ ಬೀಗದವನನ್ನು ಕೂಗಿದ. ಆ್ಯಂಬುಲೆನ್ಸಿಗೆ ಫೋನ್ ಮಾಡಬೇಕು ಎಂದವನೇ ನನ್ನ ಕರೆ ಕಡಿದ. ಒಳಗಿದ್ದವಳ ಜೊತೆ ನಾನು ಒಂದು ಮಾತೂ ಆಡಲಿಲ್ಲ.

ಮಧ್ಯಾಹ್ನ ಅವನು ಏಜೆನ್ಸಿಯ ಮೂಲಕ ಮತ್ತೆ ಸಿಕ್ಕಿದ. ಶೆಡ್ಡಿನ ಹಿಂಬದಿಗೆ ಇನ್ನೊಂದು ಬಾಗಿಲು, ಅದರೊಳಗೆ ಗೋಡೆ ಹಾಕಿ ಮಾಡಿದ ಸಣ್ಣ ಕೋಣೆ. ಆ ಕುಟುಂಬ ಅದನ್ನು ಒಬ್ಬ ಹೆಂಗಸಿಗೆ ಒಳಬಾಡಿಗೆಗೆ ಕೊಟ್ಟಿತ್ತು. ಯಾವ ಕಾಗದದಲ್ಲೂ ಆಕೆಯ ಹೆಸರಿಲ್ಲ. ವನಜಾಕ್ಷಿ ಎಂದಿಟ್ಟುಕೊಳ್ಳಿ, ನಿಜವಾದ ಹೆಸರು ಹೇಳುವ ಹಾಗಿಲ್ಲ. ಸಿಡ್ನಿಯ ಹ್ಯಾರಿಸ್ ಪಾರ್ಕ್‌ನ ಸ್ವೀಟ್ ಅಂಗಡಿಯೊಂದರ ಅಡುಗೆಮನೆಯಲ್ಲಿ ಕೆಲಸ. ಹಿಂದಿನ ಸಂಜೆ ಸ್ಟ್ರೋಕ್ ಆಗಿ ಬಿದ್ದಿದ್ದಳು. ಬಾಡಿಗೆಗಿದ್ದ ಆ ಕುಟುಂಬದವರು ಅವಳನ್ನು ಕೇಳದೆಯೇ ಗಾಡಿ ತುಂಬಿಕೊಂಡು ಹೊರಟಿದ್ದರು. ಬಲಗಡೆ ಸ್ವಾಧೀನವಿಲ್ಲ, ನಾಲಿಗೆ ಬಿದ್ದುಹೋಗಿದೆ, ಬಾಯಿಂದ ಒಂದು ಸದ್ದೂ ಹೊರಡುತ್ತಿಲ್ಲ ಎಂದ. ಆಮೇಲೆ, ಹಾಗಾದರೆ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದ. ನನಗೆ ಕೇಳಿಸಿತು ಎಂದಷ್ಟೇ ಹೇಳಿದೆ. ಏಜೆನ್ಸಿಯ ಮ್ಯಾನೇಜರೂ ಅದನ್ನೇ ಕೇಳಿದಳು. ನಮ್ಮ ಕರೆಗಳನ್ನು ರೆಕಾರ್ಡ್ ಮಾಡುವುದಿಲ್ಲ, ಹಾಗಾಗಿ ತೋರಿಸಲು ಏನೂ ಇಲ್ಲ. ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಎಂದಳು. ನಾನೂ ಬೇರೆ ಯಾರದೋ ಮಾತು ಲೈನಿನಲ್ಲಿ ಅಡ್ಡ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ.

ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ವರ್ಷದ ಕೊನೆಗೆ ಇಲ್ಲೇ ಮೆಲ್ಬರ್ನಿನ ಬಾಕ್ಸ್ ಹಿಲ್‌ನ ಆಸ್ಪತ್ರೆಗೆ ಖುದ್ದಾಗಿ ಬರಬೇಕೆಂದು ಒಂದು ಬುಕಿಂಗ್ ಬಂತು. ಸ್ಟ್ರೋಕ್ ಆದವರಿಗೆ ಮತ್ತೆ ಮಾತು ಕಲಿಸುವ ಥೆರಪಿ. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಐವತ್ತರ ಆಸುಪಾಸಿನ ಹೆಂಗಸು, ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು. ಸಿಡ್ನಿಯಿಂದ ತಂಗಿಯ ಮನೆಗೆ ಬಂದಿದ್ದಾಳೆ, ಒಂದೆರಡು ಮಾತು ಬರತೊಡಗಿವೆ ಎಂದಳು ಥೆರಪಿಸ್ಟ್. ಅವಳು ಹೇಳಿದ ಹೆಸರು ಅಂದು ಆ ಅಧಿಕಾರಿ ಹೇಳಿದ್ದ ಹೆಸರೇ. ಆದರೂ ಎಂದಿನಂತೆ ನಮಸ್ಕಾರ ಹೇಳಿ, ನಾನು ನಿಮ್ಮ ಕನ್ನಡ ದುಭಾಷಿ ಎಂದೆ.

ನನ್ನ ದನಿ ಕೇಳಿದ್ದೇ ಅವಳು ತಲೆಯೆತ್ತಿದಳು. ಎಡಗೈಯಿಂದ ನನ್ನ ಕೈ ಹಿಡಿದುಕೊಂಡಳು. ತುಟಿ ಸೊಟ್ಟಗಾಯಿತು, ಕಣ್ಣಲ್ಲಿ ನೀರು ತುಂಬಿತು. ಒಂದೊಂದು ಮಾತಿಗೂ ಉಸಿರು ಕಟ್ಟಿಕೊಂಡು ಹೇಳಿದಳು.

"ನೀವೇ... ರಾತ್ರಿಯೆಲ್ಲ... ಹೇಳಿಕೊಟ್ರಿ... ಶೆಡ್ಡಲ್ಲಿದ್ದೀನಿ ಅನ್ನು... ಬೀಗ ಹಾಕ್ಬೇಡಿ ಅನ್ನು... ನಿದ್ದೆ ಮಾಡ್ಬೇಡ ಅಂತ."

ಏನು ಹೇಳುತ್ತಿದ್ದಾಳೆ ಎಂದು ಥೆರಪಿಸ್ಟ್ ಆಸೆಯಿಂದ ನನ್ನ ಮುಖ ನೋಡಿದಳು. ಒಂದು ಮಾತೂ ಬಿಡುವಂತಿಲ್ಲವಲ್ಲ. ನೀವೇ ರಾತ್ರಿಯೆಲ್ಲ ನನಗೆ ಹೇಳಿಕೊಟ್ಟಿರಿ ಎಂದು ನಾನೇ, ನನ್ನ ಬಾಯಲ್ಲೇ, ಇಂಗ್ಲಿಷಿನಲ್ಲಿ ಹೇಳಿದೆ. ಇಷ್ಟುದ್ದ ಮಾತಾಡಿದ್ದು ಇವತ್ತೇ ಮೊದಲು ಎಂದು ಥೆರಪಿಸ್ಟ್ ಖುಷಿಪಟ್ಟಳು.

ಶೆರಿಫ್ ಜೊತೆ ನಾನು ಕೂಗಿದ್ದು ಸ್ಪೀಕರಿನಿಂದ ಅವಳಿಗೆ ಕೇಳಿಸಿರಬಹುದು, ಮಂಪರಿನಲ್ಲಿ ಹಗಲು ರಾತ್ರಿ ಕಲಸಿಹೋಗಿರಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಆದರೆ ಆ ಮಾತುಗಳನ್ನು ನಾನು ಕನ್ನಡದಲ್ಲಿ ಹೇಳಿಯೇ ಇರಲಿಲ್ಲ. ಮನೆಗೆ ಬಂದವಳೇ ಗಂಡನನ್ನು, ಆ ರಾತ್ರಿ ನಿದ್ದೆಯಲ್ಲಿ ನಾನು ಏನು ಗೊಣಗಿದ್ದೆ ಎಂದು ಕೇಳಿದೆ. ಅಯ್ಯೋ, ಅದೆಲ್ಲ ಯಾರಿಗೆ ನೆನಪಿರುತ್ತೆ ಎಂದ. ಆಮೇಲೆ, ಮಗುವಿಗೆ ಬಾಯಿಪಾಠ ಮಾಡಿಸೋ ಹಾಗಿತ್ತು, ಹೇಳಿದ್ದನ್ನೇ ಹೇಳ್ತಿದ್ದೆ ಎಂದ.

ನನಗೆ ಇವತ್ತಿಗೂ ಇದರ ತಲೆಬುಡ ಗೊತ್ತಿಲ್ಲ. ಹೇಳಿದರೆ ನೀವು ನಂಬಬೇಕೆಂದೂ ಇಲ್ಲ. ಆ ರಾತ್ರಿಯ ಕನಸೂ ನನಗೆ ನೆನಪಿಲ್ಲ. ಆದರೆ ಮಲಗುವ ಹೊತ್ತಾದರೆ ಸಂಕಟವಾಗುತ್ತದೆ. ಹಿತ್ತಲ ಕೋಣೆಗಳಲ್ಲಿ, ಯಾವ ಕಾಗದದಲ್ಲೂ ಹೆಸರಿಲ್ಲದೆ, ಇನ್ನೂ ಎಷ್ಟು ಜನ ಇದ್ದಾರೋ. ಬೆಳಿಗ್ಗೆ ಗಂಡ ಎದ್ದು, ರಾತ್ರಿ ನೀನು ಸದ್ದಿಲ್ಲದೆ ಚೆನ್ನಾಗಿ ಮಲಗಿದ್ದೆ ಎಂದರೆ ನನಗೆ ಭಯವಾಗುತ್ತದೆ.