ಕಾಲ ಕಡೆಯ ಗೇಣು

ಬೌಮಾರ್ಕ್ಟ್ ಎಂಬ ಮರಮಟ್ಟಿನ ಅಂಗಡಿಯಿಂದ ತಂದ ಹಲಗೆಯನ್ನು ಮಗ ಕೆಲ್ಲರಿನಲ್ಲಿ, ಮನೆಯ ನೆಲಮಾಳಿಗೆಯಲ್ಲಿ, ಕೊಯ್ಯುತ್ತಿದ್ದ. ಮರದ ಹೊಟ್ಟಿನ ವಾಸನೆ ಮೆಟ್ಟಿಲೇರಿ ಬಂದದ್ದೇ ತಡ, ನಾನು ಎದ್ದು ನಿಂತೆ. ಮಗನ ಜೊತೆ ಪರದೇಶದ ಈ ಅಬ್‌ಸ್ಟಾಟ್ ಊರಿಗೆ ಬಂದು ಕೂತರೂ ಆ ವಾಸನೆ ನನಗೆ ಅಪ್ಪನದೇ. ಕೆಳಗಿಳಿದು ನೋಡಿದರೆ ಮೊಮ್ಮಗಳು ಸಾನ್ವಿ ನೆಲದ ಮೇಲೆ ನೆಟ್ಟಗೆ ಮಲಗಿದ್ದಾಳೆ. ಅವಳ ಹೊಸ ಮಂಚಕ್ಕೆಂದು ಮಗ ತಲೆಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿದಿದ್ದಾನೆ. "ತಗೀ ಅದನ್ನ! ಜೀವಂತ ಕೂಸಿನ ಮೈ ಅಳೀತಾರೇನೋ?" ಎಂದು ಚೀರಿದೆ. "ಯವ್ವಾ, ಮಂಚಾ ಮಾಡಾಕತ್ತೀನಿ, ಚಟ್ಟ ಅಲ್ಲ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅಪ್ಪ ಬಡಿಗ. ನಮ್ಮ ಮನೆಯಲ್ಲಿ ಮೈಗೆ ಅಳತೆ ಹಿಡಿಯುವುದು ಚಟ್ಟಕ್ಕೆ ಮಾತ್ರ. ಮಂಚಕ್ಕಾದರೆ ಅಪ್ಪ ಹಾಸುವ ಕೌದಿಯನ್ನು ಅಳೆದು, ಸಗಣಿ ಸಾರಿಸಿದ ನೆಲದ ಮೇಲೆ ಇದ್ದಿಲಿನಿಂದ ಸಣ್ಣ ಮಂಚ ಬರೆಯುತ್ತಿದ್ದ. ಮೊಳಕ್ಕೆ ಒಂದು ಬೆರಳು, ಗೇಣಿಗೆ ಅರ್ಧ ಬೆರಳು. ಥಂಡಿ ನೆಲದಿಂದ ಅವ್ವನಿಗೆ ಕೀಲುನೋವು ಬಂದಾಗ ಬರೆದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮೂರೂವರೆ ಬೆರಳು ಗೆರೆ ಎಳೆದ. ಕಾಲ ಕಡೆಗೆ ಅರ್ಧ ಬೆರಳು ಕೂಡಿಸಿದ. "ಅದ್ಯಾಕಪ್ಪಾ?" ಎಂದರೆ, "ಬದುಕಿದವ್ರಿಗೆ ಕಾಲ್ ಚಾಚಾಕ ಒಂದ್ ಗೇಣು ಬಿಡಬೇಕ, ಹುಚ್ಚಿ" ಎಂದ. ಅವ್ವ ಗಿಡ್ಡಿ, ಆ ಗೇಣು ಖಾಲಿಯೇ ಉಳಿಯುತ್ತಿತ್ತು. ಅಲ್ಲಿ ನಾನು ಬೆಕ್ಕಿನ ಮರಿಯಂತೆ ಮುದುರಿಕೊಂಡು, ಅವಳ ಬಿರುಕು ಬಿಟ್ಟ ಹಿಮ್ಮಡಿಗೆ ಬೆನ್ನು ತಾಗಿಸಿ ಮಲಗುತ್ತಿದ್ದೆ. ಮರುವರ್ಷ ಅವಳಿಗೆ ಹಿಡಿದ ಜ್ವರ ಬಿಡಲೇ ಇಲ್ಲ. ಒಂದು ಮುಂಜಾನೆ ಅಪ್ಪ ಬಂದು, ಕಣ್ಣು ಮುಚ್ಚಿ ಮಲಗಿದ್ದ ಅವ್ವನ ತಲೆಯಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಅಲ್ಲಿಗೇ ಕತ್ತರಿಸಿದ. ಅವಳ ಎದೆ ಇನ್ನೂ ಏರಿಳಿಯುತ್ತಿತ್ತು. "ಅಪ್ಪಾ, ಗೇಣು ಬಿಡಲಿಲ್ಲಲ್ಲ?" ಎಂದೆ. ಅವನು ದಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು "ಹೊರಗ ನಡಿ" ಎಂದ, ಅಷ್ಟೇ. ನಾನು ಹೋಗಲಿಲ್ಲ, ಅವ್ವನ ಕಾಲು ಹಿಡಿದುಕೊಂಡು ಕೂತೆ. ಸಂಜೆಯ ಹೊತ್ತಿಗೆ ಅದು ತಣ್ಣಗಾಯಿತು. ಅಪ್ಪ, ಆ ಮಂಚ, ಆ ನೆಲ, ಯಾವುದೂ ಈಗಿಲ್ಲ. ಇದನ್ನು ಓದುವ ನಿಮ್ಮ ಹಳೆಯ ಮನೆಯೂ ಹೀಗೇ ಹೋಗಿರಬೇಕು. ಹೆದರಿಕೆ ಮಾತ್ರ ಹೋಗುವುದಿಲ್ಲ.

ಸಾನ್ವಿ ಎದ್ದು ಚೌಕುಳಿ ಹಾಳೆಯಲ್ಲಿ ಮಂಚ ಬರೆಯುತ್ತ ಕೂತಳು. "ಆಯ್ನ್ಸ್ ತ್ಸು ತ್ಸೇನ್, ಅಜ್ಜಿ" ಎಂದಳು. ಹತ್ತರಲ್ಲಿ ಒಂದರಷ್ಟು ಸಣ್ಣದಂತೆ. ಗೆರೆ ಅವಳ ಹಿಮ್ಮಡಿಯ ಅಳತೆಗೇ ನಿಂತಿತ್ತು. "ಕಾಲ ಕಡೆ ಒಂದ್ ಗೇಣು ಕೂಡಸವಾ" ಎಂದೆ. ಅವಳು ನನ್ನ ಚಾಚಿದ ಗೇಣಿಗೆ ಟೇಪು ಇಟ್ಟು ನೋಡಿ, ಗೆರೆಯನ್ನು ಎರಡು ಸೆಂಟಿಮೀಟರು ಬೆಳೆಸಿದಳು. "ಬಟ್ ಅಲ್ಲಿ ಯಾರು ಮಲಗೋದು?"

"ಯಾರೂ ಬ್ಯಾಡ. ಖಾಲಿ ಇರಲಿ."

ಅವಳು ಅತ್ತ ಹೋದ ಮೇಲೆ ಹಾಳೆಯ ಆ ಖಾಲಿ ಜಾಗದ ಮೇಲೆ ಬೆರಳಿಟ್ಟೆ. ಬೆನ್ನಿಗೆ ತಾಗುವ ಅವ್ವನ ಹಿಮ್ಮಡಿ ಅಲ್ಲಿರಲಿಲ್ಲ.